‘ಸುಳ್ಳಿನ ಕಂತೆ’ ಅಂತ ಯಾಕೆ ಅನುವಾದಿಸಬಾರದು

ಪ್ರಶ್ನೆ: ಅಮೆರಿಕದ ಲೇಖಕ ಸ್ಟೀಫನ್ ಕ್ರೇನ್ ಪತ್ರಿಕೆಗಳ ಬಗ್ಗೆ ಬರೆದ ಒಂದು ಚಿಕ್ಕ ಪದ್ಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲನ್ನು ‘ಪತ್ರಿಕೆ ಅಂದರೆ ಸುಳ್ಳಿನ ಕಂತೆ’ ಅಂತ ಮಾಡಿದೆ. ಗೆಳೆಯರೊಬ್ಬರು ಅದು ತಪ್ಪು ಅಂತಾರೆ. ಆ ಕಾಲದ ಪೀತ ಪತ್ರಿಕೋದ್ಯಮವನ್ನು, ಅಂದರೆ ಮಾರಾಟಕ್ಕಾಗಿ ಸುದ್ದಿಯನ್ನು ಉಬ್ಬಿಸಿ ರೋಚಕ ಮಾಡುವುದನ್ನು, ಬಯ್ಯುವ ಪದ್ಯ ತಾನೇ ಇದು? ಕ್ರೇನ್ ಸ್ವತಃ ವರದಿಗಾರನಾಗಿದ್ದ. ತನ್ನ ಕಸುಬೇ ಸುಳ್ಳು ಅಂತಿದ್ದಾನಾ? ಕೊನೆಯ ಸಾಲುಗಳಂತೂ ತಲೆಬುಡ ಗೊತ್ತಾಗುತ್ತಿಲ್ಲ.

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಬೇಜಾರು ಮಾಡಿಕೊಳ್ಳಬೇಡಿ, ಈ ಪದ್ಯ ಓದುವವರು ಸಾಮಾನ್ಯವಾಗಿ ಮೊದಲು ಜಾರೋದೇ ಇಲ್ಲಿ. ನಾನೂ ಜಾರಿದ್ದೆ.

ಒಂದು ಕೆಲಸ ಮಾಡಿ. ಮೂಲವನ್ನು ಮುಂದಿಟ್ಟುಕೊಂಡು ಅದರಲ್ಲಿ ‘ಸುಳ್ಳು’ ಅನ್ನೋ ಅರ್ಥದ ಪದ ಎಲ್ಲಿದೆ ಅಂತ ಹುಡುಕಿ. ಸಿಗೋದಿಲ್ಲ. ‘ಸತ್ಯ’ವೂ ಸಿಗೋದಿಲ್ಲ. ಇಪ್ಪತ್ತು ಚಿಲ್ಲರೆ ಸಾಲಿನ ಪದ್ಯ ಪತ್ರಿಕೆಗೆ ಐದು ಹೆಸರು ಇಡುತ್ತದೆ: ಕಂತೆ, ಕೋರ್ಟು, ಸಂತೆ, ಆಟ, ಸಂಕೇತ. ಐದರಲ್ಲಿ ಒಂದು ಕಡೆಯೂ ‘ನೀನು ಸುಳ್ಳ’ ಅಂತ ಯಾರನ್ನೂ ಬಯ್ಯುವುದಿಲ್ಲ. ಬದಲಿಗೆ ನಟ್ಟನಡುವೆ ಒಂದು ಪದ ಬರುತ್ತದೆ, ‘ಪ್ರಾಮಾಣಿಕ ಜನ’. ಪತ್ರಿಕೆ ನಡೆಸುವವರಿಗೆ ಅವನು ಕೊಡುವ ವಿಶೇಷಣ ಅದು. ವ್ಯಂಗ್ಯ ಅಂತ ತಳ್ಳಿಹಾಕಬಹುದು. ಆದರೆ ಅದನ್ನು ನೇರವಾಗಿ, ಇದ್ದ ಹಾಗೇ ಓದಿ ನೋಡಿ. ಪದ್ಯ ಇನ್ನೂ ಚುರುಕಾಗುತ್ತದೆ.

ಮೊದಲ ಸಾಲಿನಲ್ಲಿ ಕ್ರೇನ್ ಬಳಸಿದ ಪದವನ್ನು ಪದಕ್ಕೆ ಪದ ತಂದರೆ ‘ಅರೆ ಅನ್ಯಾಯಗಳು’. ಅರ್ಧ ಸತ್ಯ ಅಂದಿದ್ದರೆ ನಮಗೆ ತಕ್ಷಣ ಧರ್ಮರಾಯ ನೆನಪಾಗುತ್ತಿದ್ದ. ‘ಅಶ್ವತ್ಥಾಮ ಹತಃ’ ಅಂತ ಜೋರಾಗಿ, ‘ಕುಂಜರಃ’ ಅಂತ ಮೆಲ್ಲಗೆ. ದೊಡ್ಡ ಅಕ್ಷರದ ತಲೆಬರಹ, ಏಳನೇ ಪುಟದಲ್ಲಿ ಸಣ್ಣ ಅಕ್ಷರದ ತಿದ್ದುಪಡಿ. ಪತ್ರಿಕೆಗೆ ಇದಕ್ಕಿಂತ ಹತ್ತಿರದ ಹೋಲಿಕೆ ಬೇರೆ ಬೇಕಾ ಅನಿಸುತ್ತದೆ, ಅಲ್ವಾ? ಆದರೆ ಧರ್ಮರಾಯನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು. ದ್ರೋಣ ಶಸ್ತ್ರ ಕೆಳಗಿಡಲಿ ಅಂತಲೇ ಹೇಳಿದ್ದು. ಕ್ರೇನ್ ತೋರಿಸುವ ಜನಕ್ಕೆ ಅಂಥ ಉದ್ದೇಶ ಇಲ್ಲ. ಅವನ ಅಳತೆಗೋಲೇ ಬೇರೆ. ಸತ್ಯ, ಸುಳ್ಳು ಅಂದಾಗ ನಾವು ಸುದ್ದಿಯನ್ನು ಘಟನೆಯ ಪಕ್ಕ ಇಟ್ಟು ನೋಡುತ್ತೇವೆ. ನ್ಯಾಯ, ಅನ್ಯಾಯ ಅಂದಾಗ ಆ ಸುದ್ದಿಯೊಳಗೆ ಸಿಕ್ಕಿಬಿದ್ದ ಮನುಷ್ಯನ ಪಕ್ಕ ಇಟ್ಟು ನೋಡಬೇಕಾಗುತ್ತದೆ. ಅಕ್ಷರ ಅಕ್ಷರ ನಿಜವಾದ ವರದಿಯೂ ಅವನಿಗೆ ಅನ್ಯಾಯ ಮಾಡಬಹುದು.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಸಾಹಿತ್ಯ ಪಾಠ ಮಾಡೋಕೆ ಬರುವ ಮೊದಲು ಕೆಲವು ವರ್ಷ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಸುದ್ದಿ ತಿದ್ದುತ್ತಿದ್ದೆ. ಒಂದು ರಾತ್ರಿ ನಾಲ್ಕು ಸಾಲಿನ ಸುದ್ದಿ ಬಂತು. ಕಳವಿನ ಆರೋಪ, ಒಬ್ಬನ ಬಂಧನ. ಹೆಸರು ಸರಿ, ವಯಸ್ಸು ಸರಿ, ಪೊಲೀಸರು ಹೇಳಿದ್ದು ಹೇಳಿದ ಹಾಗೇ ಇತ್ತು. ‘ಆರೋಪದ ಮೇಲೆ’ ಅನ್ನೋ ಪದವನ್ನೂ ಮರೆಯದೆ ಹಾಕಿದೆ. ವರ್ಷದ ಮೇಲಾಯಿತು, ಆ ಮನುಷ್ಯ ಖುಲಾಸೆಯಾದ. ಆ ಸುದ್ದಿಯೂ ನನ್ನ ಟೇಬಲ್ಲಿಗೇ ಬಂತು, ಆದರೆ ಪುಟ ತುಂಬಿದ ಮೇಲೆ ಬಂತು, ಕೊನೇ ಗಳಿಗೆಯಲ್ಲಿ ಬಂದ ಜಾಹೀರಾತು ಒಂದು ಕಾಲಂ ನುಂಗಿಹಾಕಿತ್ತು, ನಾಳೆ ಹಾಕಿದರಾಯಿತು ಅಂತ ಪಕ್ಕಕ್ಕಿಟ್ಟೆ. ನಾಳೆ ಹೊತ್ತಿಗೆ ಅದು ಹಳಸಿತ್ತು. ಬಂಧನ ಅಚ್ಚಾಯಿತು, ಖುಲಾಸೆ ಆಗಲಿಲ್ಲ. ಯಾರು ಸುಳ್ಳು ಹೇಳಿದರು? ಯಾರೂ ಇಲ್ಲ. ವರದಿಗಾರ ಪ್ರಾಮಾಣಿಕ, ನಾನೂ ಪ್ರಾಮಾಣಿಕನೇ ಅಂದುಕೊಂಡಿದ್ದೆ. ಆ ಮನುಷ್ಯನಿಗೆ ಮಾತ್ರ ಅರ್ಧ ಅನ್ಯಾಯ ಆಗಿಹೋಗಿತ್ತು.

ಈಗ ಕೋರ್ಟಿನ ಸಾಲುಗಳಿಗೆ ಬನ್ನಿ. ನನ್ನ ಮಾತಿನಲ್ಲಿ ಹೇಳಿದರೆ ಹೀಗೆ: ‘ಪತ್ರಿಕೆ ಅಂದರೆ ಕೋರ್ಟು, ಅಲ್ಲಿ ಪ್ರತಿಯೊಬ್ಬರ ವಿಚಾರಣೆಯೂ ಕರುಣೆಯಿಂದ, ಅನ್ಯಾಯವಾಗಿ ನಡೆಯುತ್ತದೆ, ನಡೆಸುವವರು ಪ್ರಾಮಾಣಿಕರದೊಂದು ಕೊಳೆಗುಂಪೆ.’ ಕರುಣೆಯಿಂದ ಮತ್ತು ಅನ್ಯಾಯವಾಗಿ. ‘ಆದರೂ’ ಇಲ್ಲ, ‘ಆದರೆ’ ಇಲ್ಲ, ‘ಮತ್ತು’ ಅಷ್ಟೇ. ಮೇಲೆ ಓದುಗರ ಬಗ್ಗೆ ಹೇಳುವಾಗಲೂ ಇದೇ ವರಸೆ: ಹತ್ತು ಲಕ್ಷ ಜನ, ಮರುಗುವವರು ಮತ್ತು ಮೂಗು ಮುರಿಯುವವರು. ಇಬ್ಬರು ಬೇರೆ ಬೇರೆ ಜನ ಅಂತ ಓದಬೇಡಿ. ಒಬ್ಬನೇ ಮನುಷ್ಯ, ಒಂದೇ ಸುದ್ದಿ, ಮೊದಲ ಪ್ಯಾರಾಕ್ಕೆ ಅಯ್ಯೋ ಪಾಪ, ಎರಡನೇ ಪ್ಯಾರಾಕ್ಕೆ ಹಾಗೇ ಆಗಬೇಕಿತ್ತು ಬಿಡಿ.

ಈ ಕೋರ್ಟು ಅವನು ಸುಮ್ನೆ ಕಲ್ಪಿಸಿಕೊಂಡದ್ದಲ್ಲ. 1896ರ ಸೆಪ್ಟೆಂಬರಿನಲ್ಲಿ, ಪತ್ರಿಕಾ ಮಾಲೀಕ ಹರ್ಸ್ಟ್‌ನ ‘ಜರ್ನಲ್’ ಪತ್ರಿಕೆಗೆ ನ್ಯೂಯಾರ್ಕಿನ ರಾತ್ರಿ ಬದುಕಿನ ಬಗ್ಗೆ ಬರೆಯೋಕೆ ಅಂತ ಅವನು ಸುತ್ತಾಡುತ್ತಿದ್ದ. ಜೊತೆಯಲ್ಲಿದ್ದ ಡೋರಾ ಕ್ಲಾರ್ಕ್ ಎಂಬ ಹೆಂಗಸನ್ನು ಚಾರ್ಲ್ಸ್ ಬೆಕರ್ ಎಂಬ ಪೊಲೀಸಿನವನು, ವೇಶ್ಯಾವೃತ್ತಿಗೆ ಗಿರಾಕಿ ಹುಡುಕುತ್ತಿದ್ದಳು ಅಂತ ಹಿಡಿದ. ಹಾಗೇನೂ ನಡೆದಿಲ್ಲ ಅಂತ ಕ್ರೇನ್ ಮರುದಿನ ಬೆಳಗ್ಗೆ ಕೋರ್ಟಿಗೆ ಹೋಗಿ ಹೇಳಿದ. ಅವಳನ್ನು ಬಿಟ್ಟರು. ಪತ್ರಿಕೆಗಳು ಅವನನ್ನು ವೀರ ಅಂತ ಹೊಗಳಿದವು, ಹಿಂದಿನ ವರ್ಷವಷ್ಟೇ ಯುದ್ಧದ ಕಾದಂಬರಿಯೊಂದರಿಂದ ಹೆಸರು ಮಾಡಿದ್ದ ಹುಡುಗ ಬೇರೆ. ಆಮೇಲೆ ಅವಳು ಬೆಕರ್ ಮೇಲೆ ದೂರು ಕೊಟ್ಟಳು. ಅಕ್ಟೋಬರಿನ ವಿಚಾರಣೆಯಲ್ಲಿ ಪೊಲೀಸರ ವಕೀಲ ಕ್ರೇನ್‌ನ ಕೋಣೆಯಲ್ಲಿದ್ದ ಅಫೀಮಿನ ಸಾಮಾನು, ಅವನು ಯಾವ ಹೆಂಗಸಿನ ಜೊತೆ ವಾಸವಿದ್ದ, ಎಲ್ಲವನ್ನೂ ಎಳೆದು ಹೊರಹಾಕಿದ. ಅದೇ ಪತ್ರಿಕೆಗಳು ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ವರದಿ ಮಾಡಿದವು. ವಿಚಾರಣೆಯಲ್ಲಿ ಕೇಳಿದ ಪ್ರಶ್ನೆಯನ್ನು ಕೇಳಿದ ಹಾಗೇ ಹಾಕಿದರೆ ಸುಳ್ಳು ಹೇಗಾಗುತ್ತದೆ? ಬೆಕರ್ ಬಚಾವಾದ, ಕ್ರೇನ್‌ನ ಹೆಸರು ಕೆಟ್ಟಿತು. (ಈ ಬೆಕರ್‌ನನ್ನೇ 1915ರಲ್ಲಿ ಕೊಲೆ ಕೇಸಿನಲ್ಲಿ ವಿದ್ಯುತ್ ಕುರ್ಚಿಗೆ ಏರಿಸಿದರು. ಕ್ರೇನ್ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು.)

ಪೀತ ಪತ್ರಿಕೋದ್ಯಮದ ಮಾತು ಕೇಳಿದಿರಿ. ಕಾಲ ಅದೇ ಹೌದು. ಪದ್ಯ ಅಚ್ಚಾದದ್ದು 1899ರಲ್ಲಿ, ಅವನ ಎರಡನೇ ಕವನ ಸಂಕಲನದಲ್ಲಿ. ಬೂದು ಬಣ್ಣದ ಕಾಗದದ ಮೇಲೆ ಮುದ್ರಿಸಿದ ವಿಚಿತ್ರ ಪುಸ್ತಕ ಅದು. ಪುಲಿಟ್ಜರ್‌ನ ‘ವರ್ಲ್ಡ್’, ಹರ್ಸ್ಟ್‌ನ ‘ಜರ್ನಲ್’ ಎರಡೂ ಪತ್ರಿಕೆಗಳು ಕಚ್ಚಾಡುತ್ತಿದ್ದ ದಿನಗಳು. ಒಂದು ವರ್ಷ ಹಿಂದೆ, 1898ರ ಫೆಬ್ರವರಿ 15ರಂದು, ಸ್ಪೇನಿನ ಆಳ್ವಿಕೆಯಲ್ಲಿದ್ದ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತಿದ್ದರು. ಎರಡೇ ದಿನಕ್ಕೆ ‘ಜರ್ನಲ್’ ಇದು ಶತ್ರುವಿನ ಕೆಲಸ ಅಂತ ಮುಖಪುಟದಲ್ಲಿ ಸಾರಿ, ಅಪರಾಧಿಯನ್ನು ತೋರಿಸಿದವರಿಗೆ 50,000 ಡಾಲರ್ ಬಹುಮಾನ ಕಟ್ಟಿತು. ಸ್ಫೋಟ ಹಡಗಿನ ಒಳಗೇ, ಬಹುಶಃ ಕಲ್ಲಿದ್ದಲಿಗೆ ಹತ್ತಿದ ಬೆಂಕಿಯಿಂದ ಆಗಿರಬೇಕು ಅಂತ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ನಡೆಸಿದ ಅಧ್ಯಯನ ಹೇಳಿದ್ದು 1976ರಲ್ಲಿ. ‘ಚಿತ್ರ ನೀನು ಕಳಿಸು, ಯುದ್ಧ ನಾನು ಒದಗಿಸುತ್ತೇನೆ’ ಅಂತ ಹರ್ಸ್ಟ್ ತನ್ನ ಚಿತ್ರಕಾರನಿಗೆ ತಂತಿ ಕೊಟ್ಟ ಕಥೆಯನ್ನು ನೀವೂ ಕೇಳಿರಬೇಕು. ಆ ತಂತಿ ಇವತ್ತಿನ ತನಕ ಯಾರ ಕೈಗೂ ಸಿಕ್ಕಿಲ್ಲ. ಕಥೆ ಹಬ್ಬಿಸಿದ್ದು 1901ರಲ್ಲಿ ಹರ್ಸ್ಟ್‌ನದೇ ಒಬ್ಬ ವರದಿಗಾರ. ಪತ್ರಿಕೆಗಳು ಸುಳ್ಳು ಹೇಳುತ್ತವೆ ಅನ್ನೋದಕ್ಕೆ ಎಲ್ಲರೂ ಕೊಡುವ ಸಾಕ್ಷಿಯೇ ಪತ್ರಕರ್ತನೊಬ್ಬ ಹೇಳಿದ ಕಥೆ, ನೋಡಿ.

ಇಷ್ಟೆಲ್ಲ ಇದ್ದರೂ ಪದ್ಯವನ್ನು ಹರ್ಸ್ಟ್, ಪುಲಿಟ್ಜರ್ ಇಬ್ಬರ ಕೊರಳಿಗೆ ಕಟ್ಟಿಬಿಟ್ಟರೆ ನಮಗೇ ನಷ್ಟ. ಆಗ ಅದು ಮುಗಿದ ಜಗಳ. ಸುಳ್ಳುಗಾರ ಮಾಲೀಕರು ಹೋದರು, ಪದ್ಯವೂ ಹೋಯಿತು. ಕ್ರೇನ್‌ಗೆ ಸುಳ್ಳುಗಾರರ ಮೇಲೆ ಅಷ್ಟು ಆಸಕ್ತಿ ಇದ್ದ ಹಾಗೆ ಕಾಣೋದಿಲ್ಲ.

ಎರಡನೇ ಸಾಲಿನ ಹುಡುಗರನ್ನೇ ನೋಡಿ. ಪತ್ರಿಕೆಯನ್ನು ಮೈಲಿ ಮೈಲಿ ಕೂಗಿಕೊಂಡು ಹೋಗುವವರು. ಅನುವಾದದಲ್ಲಿ ಇವರನ್ನು ಬಿಡಬೇಡಿ, ಅಲಂಕಾರಕ್ಕೆ ಬಂದವರಲ್ಲ ಇವರು. ನ್ಯೂಯಾರ್ಕಿನ ಪೇಪರ್ ಹುಡುಗರು ಪತ್ರಿಕೆಯ ನೌಕರರಾಗಿರಲಿಲ್ಲ. ತಮ್ಮ ದುಡ್ಡಲ್ಲಿ ಕಟ್ಟು ಕೊಂಡು, ಒಂದೊಂದು ಸೆಂಟಿಗೆ ಒಂದೊಂದು ಪ್ರತಿ ಮಾರಬೇಕಿತ್ತು. ಮಾರದೆ ಉಳಿದದ್ದನ್ನು ವಾಪಸ್ ತಗೊಳ್ಳುತ್ತಿರಲಿಲ್ಲ, ಅದು ಅವರ ನಷ್ಟ. ನೂರು ಪ್ರತಿಗೆ 50 ಸೆಂಟ್ ಇದ್ದದ್ದನ್ನು 1898ರಲ್ಲಿ ಸ್ಪೇನ್ ಜೊತೆ ನಡೆದ ಯುದ್ಧದ ಹೊತ್ತಿಗೆ 60 ಮಾಡಿದರು. ಯುದ್ಧ ಮುಗಿದ ಮೇಲೂ ‘ವರ್ಲ್ಡ್’ ಮತ್ತು ‘ಜರ್ನಲ್’ ಇಳಿಸಲಿಲ್ಲ. 1899ರ ಜುಲೈನಲ್ಲಿ, ಈ ಪುಸ್ತಕ ಬಂದ ವರ್ಷವೇ, ಹುಡುಗರು ಮುಷ್ಕರ ಹೂಡಿದರು. ಎರಡು ವಾರ ನಡೆಯಿತು. ಬೆಲೆ ಇಳಿಯಲಿಲ್ಲ, ಆದರೆ ಉಳಿದ ಪ್ರತಿ ವಾಪಸ್ ತಗೊಳ್ಳೋಕೆ ಮಾಲೀಕರು ಒಪ್ಪಿದರು. ಈಗ ಯೋಚಿಸಿ. ಕಂಕುಳಲ್ಲಿ ಕಟ್ಟು ಇಟ್ಟುಕೊಂಡ ಹತ್ತು ವರ್ಷದ ಹುಡುಗ, ಸಂಜೆಯೊಳಗೆ ಖಾಲಿ ಮಾಡದಿದ್ದರೆ ಊಟಕ್ಕೆ ಕಷ್ಟ. ಅವನು ಯಾವ ಸುದ್ದಿಯನ್ನು ಕೂಗುತ್ತಾನೆ? ಬೆಂಕಿ, ಕೊಲೆ, ಹಡಗು ಮುಳುಗಿದ್ದು. ಅವನಿಗೆ ಸುಳ್ಳು ಹೇಳುವ ಇಚ್ಛೆಯಿಲ್ಲ, ಹಸಿವಾಗಿದೆ ಅಷ್ಟೇ. ಇನ್ನೊಂದು ವಿಷಯ, ಹೀಗೆ ಕೂಗಿಸಿ ಪತ್ರಿಕೆ ಹರಡೋದು ಸುದ್ದಿಯನ್ನು ಅಂತ ಕ್ರೇನ್ ಹೇಳೋದಿಲ್ಲ. ‘ತನ್ನ ವಿಚಿತ್ರ ಅಭಿಪ್ರಾಯವನ್ನು’ ಅಂತಾನೆ.

ಮುಂದಿನ ಎರಡು ಸಾಲು ಮನೆಯೊಳಗೆ ಹೋಗುತ್ತವೆ. ಎಲ್ಲೋ ಒಬ್ಬಂಟಿ ಒದ್ದಾಡಿದವರ ಕಥೆ ಓದಿ, ಬೆಂಕಿಗೂಡಿನ ಮುಂದೆ ಕೂತ ಸಂಸಾರಗಳು ತಮ್ಮ ಸುಖವನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತೀವಲ್ಲ. ಇಲ್ಲಿಯ ಬೆಕ್ಕು ಇಲಿಯನ್ನು ಮುಟ್ಟೋದೂ ಇಲ್ಲ. ಓದಿ, ನಿಟ್ಟುಸಿರು ಬಿಟ್ಟು, ಕಂಬಳಿ ಸರಿಮಾಡಿಕೊಳ್ಳುತ್ತದೆ. ನನ್ನ ಪ್ರಕಾರ ಪದ್ಯದ ಅತ್ಯಂತ ಕ್ರೂರ ಜಾಗ ಇದು, ಪತ್ರಕರ್ತರು ಇಲ್ಲಿ ಇಲ್ಲವೇ ಇಲ್ಲ.

ಸಂತೆಯ ಸಾಲುಗಳ ಮೇಲೆ ಜಾಸ್ತಿ ಹೊತ್ತು ಕೂರೋದು ಬೇಡ. ಜಾಣತನ ತನ್ನ ಸ್ವಾತಂತ್ರ್ಯವನ್ನು ಮಾರಿಕೊಳ್ಳುತ್ತದೆ, ಜನ ಕರಬೂಜದ ಹಣ್ಣಿಗೆ ಕಿರೀಟ ಹಾಕುತ್ತಾರೆ. ಕರಬೂಜ ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ದಪ್ಪಗೆ, ದುಂಡಗೆ, ತಲೆಯ ಹಾಗೇ ಕಾಣುತ್ತದೆ, ಒಳಗೆ ಬರೀ ನೀರು. ಮಾರಿಕೊಂಡವರ ಪಟ್ಟಿಯಲ್ಲಿ ಅವನೂ ಇದ್ದ ಅನ್ನೋದನ್ನು ಮಾತ್ರ ಮರೆಯಬೇಡಿ. ಹರ್ಸ್ಟ್‌ಗೂ ಬರೆದ, ಪುಲಿಟ್ಜರ್‌ಗೂ ಬರೆದ. ಕೊನೆಯ ತನಕ ಸಾಲ ತೀರಲಿಲ್ಲ. 1900ರ ಜೂನಿನಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಬರೀ 28 ವರ್ಷ. ‘ಪ್ರಾಮಾಣಿಕರ ಕೊಳೆಗುಂಪೆ’ ಅಂದಾಗ ಅವನು ಹೊರಗೆ ನಿಂತು ಬೆರಳು ತೋರಿಸುತ್ತಿಲ್ಲ.

ಆಟದ ಸಾಲುಗಳು ಸ್ವಲ್ಪ ತೊಡಕು. ‘ಪತ್ರಿಕೆ ಅಂದರೆ ಆಟ, ಒಬ್ಬನ ತಪ್ಪೇ ಅವನನ್ನು ಗೆಲ್ಲಿಸುತ್ತದೆ, ಇನ್ನೊಬ್ಬನ ಚಾಕಚಕ್ಯತೆಗೆ ಸಾವು ಸಿಗುತ್ತದೆ.’ ಕ್ರೇನ್ ಕಾಲೇಜಿನಲ್ಲಿ ಒಳ್ಳೆಯ ಬೇಸ್‌ಬಾಲ್ ಆಟಗಾರ. ಆ ಆಟದಲ್ಲಿ ‘ತಪ್ಪು’ ಅನ್ನೋದು ಲೆಕ್ಕದ ಪುಸ್ತಕಕ್ಕೆ ಹೋಗುವ ಪದ, ಇಂಥ ಆಟಗಾರ ಇಷ್ಟು ತಪ್ಪು ಮಾಡಿದ ಅಂತ ಬರೆದಿಡುತ್ತಾರೆ. ಪತ್ರಿಕೆಯ ಆಟದಲ್ಲಿ ಲೆಕ್ಕ ತಿರುಗುಮುರುಗು.

ಎರಡನೇ ಅರ್ಧ ಓದಿದಾಗಲೆಲ್ಲ ನನಗೆ ಬಿಲ್ಲಿ ಹಿಗಿನ್ಸ್ ನೆನಪಾಗುತ್ತಾನೆ. ಕ್ರೇನ್ ಅವನನ್ನೇ ಮನಸ್ಸಿನಲ್ಲಿಟ್ಟು ಬರೆದ ಅಂತ ನಾನು ಹೇಳುತ್ತಿಲ್ಲ, ನನಗೆ ನೆನಪಾಗುತ್ತದೆ ಅಷ್ಟೇ. 1896ರ ಕೊನೆಯ ದಿನ ‘ಕಮೋಡೋರ್’ ಅನ್ನೋ ಹಡಗು ಕ್ಯೂಬಾದ ಬಂಡುಕೋರರಿಗೆ ಆಯುಧ ತುಂಬಿಕೊಂಡು ಫ್ಲೋರಿಡಾದಿಂದ ಹೊರಟಿತು. ಕ್ರೇನ್ ವರದಿಗಾರನಾಗಿ ಅದರಲ್ಲಿದ್ದ. ಜನವರಿ 2ಕ್ಕೆ ಹಡಗು ಮುಳುಗಿತು. ಕ್ಯಾಪ್ಟನ್, ಅಡುಗೆಯವನು, ಯಂತ್ರಕ್ಕೆ ಎಣ್ಣೆ ಹಾಕುವ ಹಿಗಿನ್ಸ್ ಮತ್ತು ಕ್ರೇನ್, ನಾಲ್ಕು ಜನ ಒಂದು ಪುಟ್ಟ ದೋಣಿಯಲ್ಲಿ ಸುಮಾರು ಮೂವತ್ತು ಗಂಟೆ ಕಳೆದರು. ದಡ ಮುಟ್ಟುವಾಗ ದೋಣಿ ಮಗುಚಿತು. ನಾಲ್ವರಲ್ಲಿ ಗಟ್ಟಿಗ, ಚೆನ್ನಾಗಿ ಹುಟ್ಟು ಹಾಕುತ್ತಿದ್ದವನು ಹಿಗಿನ್ಸ್. ಸತ್ತವನೂ ಅವನೊಬ್ಬನೇ.

ಜನವರಿ 7ರಂದು ಕ್ರೇನ್‌ನ ವರದಿ ‘ನ್ಯೂಯಾರ್ಕ್ ಪ್ರೆಸ್’ನಲ್ಲಿ ಬಂತು. ಹಡಗು ಹೊರಟದ್ದು, ನೀರು ನುಗ್ಗಿದ್ದು, ಜನ ದೋಣಿ ಇಳಿಸಿದ್ದು, ಹಡಗು ಮುಳುಗಿದ್ದು, ಎಲ್ಲ ವಿವರವಾಗಿದೆ. ದೋಣಿಯ ಮೂವತ್ತು ಗಂಟೆಗೆ ಬಂದಾಗ ಮಾತ್ರ ಅದನ್ನು ಇಲ್ಲಿ, ಈಗ ಹೇಳೋದಿಲ್ಲ ಅಂತ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾನೆ. ಅದೇ ವರ್ಷ ಜೂನಿನಲ್ಲಿ ಅದೇ ಮೂವತ್ತು ಗಂಟೆಯ ಮೇಲೆ ಒಂದು ಕಥೆ ಪ್ರಕಟಿಸಿದ. ಮೊದಲ ವಾಕ್ಯ ಹೀಗಿದೆ: ‘ಅವರಲ್ಲಿ ಯಾರಿಗೂ ಆಕಾಶದ ಬಣ್ಣ ಗೊತ್ತಿರಲಿಲ್ಲ.’ ಯಾಕೆಂದರೆ ನಾಲ್ವರ ಕಣ್ಣೂ ಮೇಲೆ ಹೋಗಲಿಲ್ಲ, ಎದುರು ಬರುವ ಅಲೆಯ ಮೇಲೇ ನೆಟ್ಟಿತ್ತು. ಈ ವಾಕ್ಯವನ್ನು ಒಬ್ಬ ಉಪಸಂಪಾದಕನ ಕಣ್ಣಿನಿಂದ ಓದಿ. ನಾನಾಗಿದ್ದರೆ ಹೊಡೆದುಹಾಕುತ್ತಿದ್ದೆ. ಆಕಾಶ ಯಾವ ಬಣ್ಣ ಇತ್ತು ಅಂತ ವಿಚಾರಿಸಿ ಬರೆಯಪ್ಪಾ, ಗೊತ್ತಿಲ್ಲದ್ದನ್ನು ಯಾಕೆ ಬರೀತೀಯ ಅಂತಿದ್ದೆ. ಪತ್ರಿಕೆಗೆ ನಡೆದದ್ದು ಬೇಕು. ಆ ಗಳಿಗೆಯಲ್ಲಿ ಅವರಿಗೆ ಏನು ಕಾಣಲಿಲ್ಲ ಅನ್ನೋದನ್ನು ಹಾಕೋಕೆ ಅದರಲ್ಲಿ ಕಾಲಂ ಇಲ್ಲ.

ತನ್ನ ಕಸುಬನ್ನು ಸುಳ್ಳು ಅಂತಿದ್ದಾನಾ ಅಂತ ಕೇಳಿದಿರಲ್ಲ, ನನ್ನ ಉತ್ತರ ಆ ಎರಡು ಬರಹಗಳ ನಡುವೆ ಇದೆ. ವರದಿ ಸುಳ್ಳಲ್ಲ. ಅದರಲ್ಲಿ ಹಿಗಿನ್ಸ್ ಸತ್ತದ್ದೂ ಇದೆ. ಆದರೆ ಅವನು ಮೂವತ್ತು ಗಂಟೆ ಏನಾಗಿದ್ದ ಅನ್ನೋದು ಇಲ್ಲ. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಸುದ್ದಿ ಬೇರೆ, ಸತ್ಯ ಬೇರೆ ಅಂತ ವಾದಿಸಿದ. ಕತ್ತಲಲ್ಲಿ ಅತ್ತಿತ್ತ ಓಡಾಡುವ ದೀಪದ ಬೆಳಕಿನ ಹಾಗೆ ಪತ್ರಿಕೆ, ಒಂದು ಘಟನೆ ಬೆಳಗಿಸಿ ಇನ್ನೊಂದಕ್ಕೆ ಹೋಗುತ್ತದೆ ಅಂದ. ಕ್ರೇನ್‌ನ ಮಾತಿಗೆ ಹತ್ತಿರ ಇದೆ. ಆದರೆ ಲಿಪ್‌ಮನ್ ಸಮಾಧಾನವಾಗಿ ವಿವರಿಸುತ್ತಾನೆ, ಕ್ರೇನ್‌ಗೆ ಸಿಟ್ಟು ಬಂದಿದೆ. ಬೆಳಕು ಸರಿದುಹೋದ ಮೇಲೆ ಕತ್ತಲಲ್ಲಿ ಉಳಿದವನು ಯಾರು ಅಂತ ಅವನಿಗೆ ಗೊತ್ತಿತ್ತು.

ಇನ್ನು ತಲೆಬುಡ ಗೊತ್ತಾಗದ ಕೊನೆಯ ಸಾಲುಗಳು. ಪತ್ರಿಕೆ ಒಂದು ಸಂಕೇತ, ಕೈಲಾಗದ ಬದುಕಿನ ದಿನಚರಿ, ಜೋರು ದನಿಯ ಕಥೆಗಳ ಕಂತೆ, ಅದು ಎಂದಿನಿಂದಲೋ ಇರುವ ಮೂರ್ಖತನಗಳನ್ನು ಒಂದೆಡೆ ಒತ್ತಿ ಸೇರಿಸುತ್ತದೆ. ಆ ಮೂರ್ಖತನಗಳು ಹಿಂದೊಂದು ಕಾಲದಲ್ಲಿ ಹಗ್ಗವಿಲ್ಲದೆ, ಬೇಲಿಯಿಲ್ಲದ ಲೋಕದಲ್ಲಿ ಅಲೆದಾಡಿಕೊಂಡಿದ್ದವು. ಇಂಗ್ಲಿಷಿನಲ್ಲಿ ಓದಿದಾಗ ಗಾಳಿಯಲ್ಲಿ ತೇಲಿದ ಹಾಗಿದೆ, ನಿಜ. ಕನ್ನಡದಲ್ಲಿ ಇದು ಥಟ್ಟಂತ ಕಣ್ಣಿಗೆ ಕಟ್ಟುತ್ತದೆ. ಹಗ್ಗ ಇಲ್ಲ, ಬೇಲಿ ಇಲ್ಲ, ಅಲೆದಾಟ. ಬೀಡಾಡಿ ದನ! ಹಾಗಾದರೆ ಪತ್ರಿಕೆ ಏನು? ದೊಡ್ಡಿ. ಮೂರ್ಖತನವನ್ನು ಪತ್ರಿಕೆ ಹುಟ್ಟಿಸಲಿಲ್ಲ, ಅದು ಮೊದಲೇ ಊರೂರು ಮೇಯುತ್ತಿತ್ತು. ಪತ್ರಿಕೆ ಅದನ್ನು ಹಿಡಿದು ತಂದು ಎಂಟು ಕಾಲಮ್ಮಿನ ಬೇಲಿಯೊಳಗೆ ಕೂಡಿತು. ಒಂದೇ ಕಡೆ ಸೇರಿದ್ದರಿಂದ ಗದ್ದಲ ಜೋರಾಗಿ ಕೇಳುತ್ತದೆ. ‘ದೊಡ್ಡಿ’ ಅನ್ನೋ ಪದ ಮೂಲದಲ್ಲಿ ಇಲ್ಲ, ಹಾಗಾಗಿ ಅನುವಾದದಲ್ಲಿ ಸೇರಿಸಬೇಡಿ. ‘ಬೀಡಾಡಿ’ ಅಂತ ಇಡಿ ಸಾಕು, ದೊಡ್ಡಿ ಓದುಗರಿಗೇ ಹೊಳೆಯುತ್ತದೆ.

ಪದ್ಯದ ಬಗ್ಗೆ ನನಗೊಂದು ತಕರಾರೂ ಇದೆ. ‘ಪತ್ರಿಕೆ ಅಂದರೆ ಇದು, ಪತ್ರಿಕೆ ಅಂದರೆ ಅದು’ ಅಂತ ಐದು ಸಲ ಅಪ್ಪಣೆ ಹೊರಡಿಸಿದ ಹಾಗೆ ಹೇಳೋದು ತಲೆಬರಹದ ಭಾಷೆಯೇ ಅಲ್ವಾ? ಒಂದು ಉದಾಹರಣೆ ಇಲ್ಲ, ಒಬ್ಬರ ಹೆಸರಿಲ್ಲ, ಎದುರು ಪಕ್ಷದ ಮಾತಿಲ್ಲ. ಅಂದರೆ ಕ್ರೇನ್ ಪತ್ರಿಕೆಗಳಿಗೆ ಮಾಡಿದ್ದೂ ಒಂದು ಅರೆ ಅನ್ಯಾಯವೇ. ಬೇಕಂತಲೇ ಮಾಡಿದನೋ ಗೊತ್ತಾಗದೆ ಮಾಡಿದನೋ, ನನ್ನ ವಿದ್ಯಾರ್ಥಿಗಳು ಇದರ ಮೇಲೆ ಒಂದು ಗಂಟೆ ಜಗಳ ಆಡಿದ್ದಾರೆ, ಇತ್ಯರ್ಥ ಆಗಿಲ್ಲ.

ನಿಮ್ಮ ಅನುವಾದದ ಮಾತಿಗೆ ಬರ್ತೀನಿ. ‘ಕಂತೆ’ಯನ್ನು ಹಾಗೇ ಉಳಿಸಿಕೊಳ್ಳಿ, ಒಳ್ಳೆಯ ಪದ. ಹುಡುಗರು ಹೊತ್ತ ಪೇಪರಿನ ಕಟ್ಟೂ ಅದರಲ್ಲಿದೆ, ಅಂತೆ ಕಂತೆಯೂ ಇದೆ. ‘ಸುಳ್ಳಿನ’ ತೆಗೆದು ‘ಅರೆ ಅನ್ಯಾಯಗಳ’ ಅಂತ ಹಾಕಿ. ಕಿವಿಗೆ ಸ್ವಲ್ಪ ವಿಚಿತ್ರ ಅನಿಸಲಿ, ಮೂಲದಲ್ಲೂ ಹಾಗೇ ಅನಿಸುತ್ತದೆ. ‘ಕೋರ್ಟು’ ಬದಲು ‘ನ್ಯಾಯಾಲಯ’ ಅಂದರೆ ‘ಅನ್ಯಾಯ’ದ ಜೊತೆ ಒಂದು ಪ್ರಾಸ ಪುಕ್ಕಟೆ ಸಿಗುತ್ತದೆ, ಪದ್ಯದಲ್ಲಿ ನಾನಾದರೆ ಅದನ್ನೇ ಇಡುತ್ತಿದ್ದೆ. ‘ಕೊಳೆಗುಂಪೆ’ ಬಗ್ಗೆ ನನಗೇ ಪೂರ್ತಿ ಸಮಾಧಾನ ಇಲ್ಲ. ಮೂಲದಲ್ಲಿ ಕೊಳೆ ಯಾವೊಬ್ಬ ಮನುಷ್ಯನಿಗೂ ಅಂಟಿಲ್ಲ, ಅವರೆಲ್ಲ ಒಟ್ಟಿಗೆ ಸೇರಿದ್ದಕ್ಕೆ ಇಟ್ಟ ಹೆಸರು ಅದು, ದನದ ಹಿಂಡು, ಇರುವೆ ಸಾಲು ಅನ್ನೋ ಹಾಗೆ. ‘ಕೊಳಕು ಪ್ರಾಮಾಣಿಕರು’ ಅಂದರೆ ಕೆಟ್ಟುಹೋಯಿತು. ‘ಪ್ರಾಮಾಣಿಕರ ಕೊಚ್ಚೆ’ ಅಂತ ಒಂದು ಸಲ ಪ್ರಯತ್ನಿಸಿ ನೋಡಿ, ಸರಿ ಕೂತರೆ ನನಗೂ ಬರೆದು ಕಳಿಸಿ.